ಏಣಿಯಕ್ಕ ಕಾಲು ಚಾಚಿದ್ದು

ಆ ಪರದೆ ಬಟ್ಟೆಯ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಏಣಿಯಕ್ಕ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಗೋಡೆಯ ಅತಿ ಮೇಲಿನ ಹಲಗೆಯಿಂದ ಬಟ್ಟೆಯ ಥಾನೊಂದನ್ನು ಸ್ಟೂಲಿನ ಗೊಡವೆಯಿಲ್ಲದೆ, ತುದಿಗಾಲಲ್ಲೂ ನಿಲ್ಲದೆ, ಗಿಡದಿಂದ ಹೂ ಬಿಡಿಸಿದಷ್ಟು ಸಲೀಸಾಗಿ ಇಳಿಸಿದ್ದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ದೊಡ್ಡ ಯಜಮಾನರು ಕನ್ನಡಕ ಸರಿಮಾಡಿಕೊಂಡು, "ಆ ಹಳೇ ಏಣಿ ಗುಜರಿಗೆ ಹಾಕ್ರಯ್ಯ, ಹೊಸದು ಬಂತು" ಎಂದರು. ಅಂಗಡಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಹೆಸರು ಅಂಟಿಕೊಂಡಿತು.

ತನ್ನನ್ನು ನೋಡಿ ನಗುವವರ ಜೊತೆ ಸೇರಿ ತಾನೂ ನಗುವುದು ಅವಳಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು. ಶಾಲೆಯಲ್ಲಿ ಅವಳ ಮಂಡಿ ಬೆಂಚಿನಡಿ ಹಿಡಿಸುತ್ತಿರಲಿಲ್ಲ, ಹಾಗಾಗಿ ಕಾಲನ್ನು ಓರೆಯಾಗಿ ಆಚೆ ಹಾಕಿ ಕೂರುತ್ತಿದ್ದಳು. ಓಡಾಡುವವರು ಎಡವಿದಾಗಲೆಲ್ಲ ಬೈಗುಳ ಅವಳಿಗೇ. ಸಿನಿಮಾ ಮಂದಿರದಲ್ಲಿ ಹಿಂದಿನವರು "ತಲೆ ಇಳಿಸಮ್ಮ" ಎನ್ನುತ್ತಿದ್ದರು. ಇಳಿಸಿ ಇಳಿಸಿ ಕತೆಯ ಅರ್ಧ ಅವಳಿಗೆ ಮುಂದಿನ ಕುರ್ಚಿಯ ಬೆನ್ನೇ ಆಗಿಬಿಡುತ್ತಿತ್ತು. ಬಸ್ಸಿನಲ್ಲಿ ಕೂತರೆ ಮಂಡಿ ಮುಂದಿನ ಸೀಟಿನ ಕಬ್ಬಿಣಕ್ಕೆ ಒತ್ತುತ್ತಿತ್ತು. ಮುಂದೆ ಕೂತವರು ತಿರುಗಿ ನೋಡಿ ಹುಬ್ಬು ಗಂಟಿಕ್ಕುವ ಮೊದಲೇ ಅವಳ ಬಾಯಿಂದ "ಪರವಾಗಿಲ್ಲ, ನಾನು ನಿಂತ್ಕೋತೀನಿ" ಎಂಬ ಮಾತು ಬಂದಾಗಿರುತ್ತಿತ್ತು. ನಿಂತರೆ ತಲೆ ಚಾವಣಿಗೆ ತಗಲುತ್ತಿತ್ತು. ಆಗ ಕತ್ತು ಬಗ್ಗಿಸಿ ನಿಲ್ಲುತ್ತಿದ್ದಳು.

ಮನೆಯಲ್ಲಿ ಅಮ್ಮ ಮಾತುಮಾತಿಗೆ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುತ್ತಿದ್ದಳು. ಅದು ಖರ್ಚುವೆಚ್ಚದ ಮಾತೆಂದು ಹುಡುಗಿಗೆ ಬಹಳ ಕಾಲ ತಿಳಿದಿರಲಿಲ್ಲ. ಮಂಚದ ಆಚೆಗೆ ಜೋತುಬಿದ್ದ ತನ್ನ ಪಾದಗಳನ್ನು ನೋಡಿಕೊಂಡು, ಈ ಗಾದೆಯನ್ನು ಹಿರಿಯರು ತನಗೆಂದೇ ಕಟ್ಟಿದ್ದಾರೆ ಎಂದು ನಂಬಿದ್ದಳು. ನಂಬಿ, ಕಾಲು ಮಡಚಿ ಮಲಗುವುದನ್ನು ಕಲಿತಳು. ಆಮೇಲೆ ಭುಜ ಮುದುಡುವುದನ್ನು, ಬೆನ್ನು ಬಗ್ಗಿಸುವುದನ್ನು, ಎಲ್ಲಿ ಹೋದರೂ ಗೋಡೆ ಹಿಡಿದು ನಿಲ್ಲುವುದನ್ನೂ ಕಲಿತಳು. ದೇವರು ಕೊಟ್ಟ ಉದ್ದವನ್ನು ಒಂದಿಷ್ಟಾದರೂ ಹಿಂದಕ್ಕೆ ಕೊಡುವ ಹಾಗಿದ್ದರೆ ಎರಡೂ ಕೈಯಿಂದ ಕೊಟ್ಟುಬಿಡುತ್ತಿದ್ದಳೇನೋ.

ಅವಳು ಗಂಡನನ್ನು ಕಂಡದ್ದೂ ಒಂದು ತಮಾಷೆಯ ಸಂಗತಿಯೇ. ಅಂಗಡಿಯ ಗೋಡೆ ಗಡಿಯಾರ ನಿಂತುಹೋಗಿತ್ತು. ಅದನ್ನು ಇಳಿಸುವುದು ಯಾರ ಕೆಲಸವೆಂದು ಬೇರೆ ಹೇಳಬೇಕೆ? ಇಳಿಸಿದವಳೇ ಕಂಕುಳಲ್ಲಿಟ್ಟುಕೊಂಡು ರಿಪೇರಿಗೆ ಹೊರಟಳು. ವಾಚ್ ರಿಪೇರಿಯವನ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡು. ಬೇರೆ ಯಾರೂ ಅಲ್ಲಿ ನೆಟ್ಟಗೆ ನಿಲ್ಲಲಾರದೆ ಬಾಡಿಗೆಗೆ ಹಿಡಿಯದ ಜಾಗ. ಅವನಿಗೆ ಮಾತ್ರ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತ್ತು. ಅಷ್ಟು ಕುಳ್ಳ ಆಸಾಮಿ. ಅವಳು ಸೊಂಟ ಮುರಿದು, ಕತ್ತು ತಿರುಚಿ ಒಳಗೆ ಇಣುಕಿದಳು. ಅವನು ಕಣ್ಣಿನ ಭೂತಗನ್ನಡಿ ತೆಗೆದು, "ನೀವು ಬಗ್ಗಬೇಡಿ, ನಾನೇ ಆಚೆ ಬರ್ತೀನಿ" ಎಂದ.

ಹುಟ್ಟಿದಾಗಿನಿಂದ ಅವಳಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಗಡಿಯಾರ ಒಂದೇ ವಾರದಲ್ಲಿ ರಿಪೇರಿಯಾಯಿತು. ಆದರೆ ಅದು ಆಮೇಲೂ ಮತ್ತೆ ಮತ್ತೆ ಕೆಡುತ್ತಾ ಹೋಯಿತು, ಅವಳು ಮತ್ತೆ ಮತ್ತೆ ಹೊತ್ತುಕೊಂಡು ಹೋದಳು. ಕೊನೆಗೆ ದೊಡ್ಡ ಯಜಮಾನರೇ, "ಒಂದೋ ಗಡಿಯಾರ ಬದಲಾಯಿಸು, ಇಲ್ಲ ಅವನನ್ನ ಮದುವೆ ಆಗು" ಎಂದರು. ಅವಳು ಅಗ್ಗದ ದಾರಿಯನ್ನೇ ಹಿಡಿದಳು. ಮದುವೆಯ ಫೋಟೋ ತೆಗೆಯುವವನು ಮದುಮಗನಿಗೆ ನಿಲ್ಲಲು ಪೆಟ್ಟಿಗೆಯೊಂದನ್ನು ತಂದಿಟ್ಟಾಗ ಅವನು, "ಬೇಡಪ್ಪ, ನಾನಿರೋದೇ ಇಷ್ಟು. ಫೋಟೋಗೆ ಸುಳ್ಳು ಯಾಕೆ?" ಎಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಅವಳು ಮಾತ್ರ ಆ ಫೋಟೋದಲ್ಲೂ ಮಂಡಿ ಬಗ್ಗಿಸಿಯೇ ನಿಂತಿದ್ದಾಳೆ.

ಅತ್ತೆಯ ನಾಲಿಗೆ ಹೊಸ ಬ್ಲೇಡು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮ ಸೊಸೆಗೆ ಮಾತ್ರ ಎರಡೂ ಕಾಲು ಬೇಕಾದಷ್ಟಿದೆ!" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಆದರೆ ಸೊಸೆಯ ಪಾದ ಹೊರಗುಳಿಯದ ಹಾಗೆ ಎರಡು ಹೊದಿಕೆಗಳನ್ನು ಜೋಡಿಸಿ ಒಂದು ಮಾಡಿ ಹೊಲಿದುಕೊಟ್ಟವಳೂ ಅವಳೇ.

ಇತ್ತ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಉಳಿದ ಮಾರಾಟಗಾರರು ಗಿರಾಕಿಯ ಮುಂದೆ ಮೇಜಿನ ಮೇಲೆ ಬಟ್ಟೆ ಹಾಸಿ, ಬಣ್ಣ ನೋಡಿ, ನೇಯ್ಗೆ ನೋಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಏಣಿಯಕ್ಕ ಹೆಚ್ಚು ಮಾತಾಡುವವಳಲ್ಲ. ಥಾನು ಬಿಚ್ಚಿ, ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲಕ್ಕೆತ್ತಿ ಬಿಟ್ಟುಬಿಡುವಳು. ಬಟ್ಟೆ ಅವಳ ಕೈಬೆರಳಿಂದ ನೆಲದವರೆಗೆ ಮಡಿಕೆಮಡಿಕೆಯಾಗಿ ಇಳಿಯುವುದು. ಅವಳು ಅದರ ಹಿಂದೆ ಪೂರ್ತಿ ಮರೆಯಾಗಿಬಿಡುತ್ತಿದ್ದಳು. ಗಿರಾಕಿಗೆ ಕಾಣುತ್ತಿದ್ದದ್ದು ಪರದೆ ಮಾತ್ರ, ತಮ್ಮ ಮನೆಯ ಕಿಟಕಿಯಲ್ಲಿ ನಾಳೆ ಹೇಗೆ ತೂಗುತ್ತದೋ ಹಾಗೇ. "ಇದೇ ಇರಲಿ" ಎನ್ನುತ್ತಿದ್ದರು. ಹೀಗೆ ವರ್ಷಗಟ್ಟಲೆ "ಇದೇ ಇರಲಿ" ಎಂದದ್ದರ ಫಲವಾಗಿ, ಬಟ್ಟೆ ಕಳಿಸುವ ಗಿರಣಿಯವರಿಗೆ ಅನುಮಾನವೇ ಬಂತು. ದೊಡ್ಡ ದೊಡ್ಡ ಊರಿನ ಗಾಜಿನ ಗೋಡೆಯ ಅಂಗಡಿಗಳಲ್ಲಿ ಹೋಗದಷ್ಟು ಪರದೆ ಬಟ್ಟೆ ಈ ಸಣ್ಣ ಅಂಗಡಿಯಲ್ಲಿ ಹೇಗೆ ಖರ್ಚಾಗುತ್ತಿದೆ?

ಗಿರಣಿಯ ಮಾರಾಟ ವಿಭಾಗದ ಮೇಡಂ ಒಬ್ಬರು ಗಿರಾಕಿಯ ಹಾಗೆ ಬಂದು, ಕೂತು, ನೋಡಿದರು. ಏಣಿಯಕ್ಕ ಅವರಿಗೂ ನಾಲ್ಕು ಬಗೆ ಎತ್ತಿ ತೋರಿಸಿದಳು. ಮೇಡಂ ತಮ್ಮದೇ ಗಿರಣಿಯ ಬಟ್ಟೆಯನ್ನು ಮನೆಗೆಂದು ಕೊಂಡು ಹೋದರು. ತಿಂಗಳು ಕಳೆಯುವುದರೊಳಗೆ ಫೋನು ಬಂತು. ದೇಶದ ಎಲ್ಲ ಅಂಗಡಿಯವರೂ ಸೇರುವ ದೊಡ್ಡ ಸಮಾವೇಶದಲ್ಲಿ ಏಣಿಯಕ್ಕನಿಗೆ ಸನ್ಮಾನ, ಅಲ್ಲೇ ಅವಳು ಪರದೆ ತೋರಿಸುವ ಪರಿಯನ್ನೂ ಎಲ್ಲರಿಗೂ ತೋರಿಸಬೇಕು. ಹೋಗಿಬರಲು ವಿಮಾನದ ಟಿಕೆಟ್ಟು, ಅದೂ ಬಿಸಿನೆಸ್ ಕ್ಲಾಸು. ಜೊತೆಗೆ ಮನೆಯವರೊಬ್ಬರಿಗೆ ಮಾಮೂಲಿ ಸೀಟು.

"ನಿಮ್ಮ ಕಾಲು ನೋಡಿದೀನಲ್ಲ, ಅದಕ್ಕೆ ಮುಂದಿನ ಸಾಲೇ ಹೇಳಿದೀನಿ" ಎಂದರು ಮೇಡಂ.

ಮನೆಯಲ್ಲಿ ಅತ್ತೆ ಕೇಳಿದಳು, "ಬಿಸಿನೆಸ್ ಕ್ಲಾಸ್ ಅಂದ್ರೆ ಅಲ್ಲಿ ಏನು ಬಿಸಿನೆಸ್ ಮಾಡ್ಬೇಕು?"

"ಏನೂ ಮಾಡಬಾರದಂತೆ ಅತ್ತೆ. ಸುಮ್ನೆ ಕೂರಬೇಕಂತೆ."

"ಹಾಗಾದ್ರೆ ನಿನಗೆ ಕಷ್ಟ" ಎಂದಳು ಅತ್ತೆ. ಆಮೇಲೆ ಎದ್ದುಹೋಗಿ ಸೊಸೆಯ ಒಳ್ಳೆಯ ಉಡುಪನ್ನು ತೆಗೆದು, ತಾನೇ ಇಸ್ತ್ರಿ ಹಾಕತೊಡಗಿದಳು.

ದೊಡ್ಡ ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಅವರ ಮಗ ಚಿಕ್ಕ ಯಜಮಾನನ ಮುಖ ಮಾತ್ರ ಅಷ್ಟಕ್ಕಷ್ಟೆ. ಕೆಟ್ಟವನೇನಲ್ಲ, ಆದರೆ ಅಂಗಡಿಯ ಹೆಸರು ಎಲ್ಲಿ ಬಂದರೂ ತನ್ನ ಮುಖವೂ ಅಲ್ಲಿರಬೇಕು ಎನ್ನುವ ಜಾತಿ. "ಅಂಗಡಿ ಪರವಾಗಿ ನಾನೂ ಇರದಿದ್ರೆ ಹೇಗೆ?" ಎಂದು ಅದೇ ವಿಮಾನಕ್ಕೆ ತಾನೂ ಒಂದು ಟಿಕೆಟ್ಟು ಮಾಡಿಸಿಕೊಂಡ. ತಡವಾಗಿ ಮಾಡಿಸಿದ್ದರಿಂದ ಅವನಿಗೆ ಸಿಕ್ಕಿದ್ದು ಹಿಂದುಗಡೆ, ಮೂವರ ಸಾಲಿನ ನಟ್ಟನಡುವೆ.

ಹೊರಡುವ ದಿನ ವಿಮಾನ ಹತ್ತಲು ಬಿಸಿನೆಸ್ ಕ್ಲಾಸಿನವರನ್ನು ಮೊದಲು ಕರೆದರು. ಏಣಿಯಕ್ಕ ಗಂಡನ ಮುಖ ನೋಡಿದಳು.

"ಹೋಗು, ಹೋಗು. ನಾನೇನು ಕಳೆದುಹೋಗಲ್ಲ" ಎಂದ ಅವನು.

"ನೀವು ಹಿಂದೆ, ನಾನು ಮುಂದೆ. ಒಂಥರಾ ಆಗುತ್ತೆ ರೀ."

"ನನಗೇನೇ? ನನ್ನ ಕಾಲಿಗೆ ಎಲ್ಲಾ ಸೀಟೂ ಬಿಸಿನೆಸ್ ಕ್ಲಾಸೇ!"

ವಿಮಾನದ ಬಾಗಿಲಿಗೆ ತಲೆ ಬಗ್ಗಿಸಲೇಬೇಕಾಯಿತು. 'ಇಲ್ಲೂ ಅದೇ ಹಣೆಬರಹ' ಎಂದುಕೊಂಡಳು. ಒಳಗೆ ಹೋಗಿ ನೋಡಿದರೆ ಅವಳು ಅಂದುಕೊಂಡಂಥ ಅರಮನೆಯೇನೂ ಅಲ್ಲ. ಅದು ನಡುವೆ ಒಂದೇ ಓಣಿಯಿರುವ ಸಣ್ಣ ವಿಮಾನ. ಓಣಿಯ ಆಚೆ ಎರಡು, ಈಚೆ ಎರಡು ದೊಡ್ಡ ಕುರ್ಚಿಗಳು, ಅಂಥ ಎರಡೋ ಮೂರೋ ಸಾಲು, ಅದರ ಹಿಂದೆ ಒಂದು ಪರದೆ. ಅಷ್ಟೇ ಬಿಸಿನೆಸ್ ಕ್ಲಾಸು. ಪರದೆ ಕಂಡ ಕೂಡಲೇ ಅವಳ ಕೈ ತಾನಾಗಿ ಹೋಗಿ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿತು. ಗಗನಸಖಿ ನಕ್ಕಳು. ಅವಳೂ ನಕ್ಕು, ಮೊದಲ ಸಾಲಿನ ತನ್ನ ಕುರ್ಚಿಗೆ ಬಂದಳು.

ಕೂತಳು. ಅಭ್ಯಾಸಬಲದಿಂದ ಮಂಡಿಗಳನ್ನು ಒಂದು ಪಕ್ಕಕ್ಕೆ ವಾಲಿಸಿ, ಪಾದಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು. ಪಕ್ಕದ ಕಿಟಕಿಯ ಬಳಿ ಕೂತಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು, ವಯಸ್ಸಾದವರು, ಇದನ್ನು ನೋಡಿದರು.

"ಯಾಕಮ್ಮ ಹಾಗೆ ಮುದುಡಿ ಕೂತಿದೀರಿ? ಮುಂದೆ ಅಷ್ಟು ಜಾಗ ಇದೆಯಲ್ಲ, ಕಾಲು ಬಿಡಿ."

ಏಣಿಯಕ್ಕ ಎದುರು ನೋಡಿದಳು. ಮುಂದೆ ಕುರ್ಚಿಯೇ ಇಲ್ಲ, ದೂರದಲ್ಲಿ ಒಂದು ಗೋಡೆ. ಮೆಲ್ಲಗೆ ಒಂದು ಕಾಲು ಬಿಟ್ಟಳು. ಯಾರಿಗೂ ತಾಗಲಿಲ್ಲ. ಇನ್ನೊಂದನ್ನೂ ಬಿಟ್ಟಳು. ಮಂಡಿ ನೆಟ್ಟಗಾಯಿತು, ಹಿಮ್ಮಡಿ ಮುಂದಕ್ಕೆ ಜಾರಿತು, ಜಾರುತ್ತಲೇ ಹೋಯಿತು, ಕಾಲು ಪೂರ್ತಿ ಉದ್ದವಾಯಿತು. ಆದರೂ ಬೆರಳಿಗೂ ಗೋಡೆಗೂ ನಡುವೆ ಇನ್ನೂ ಜಾಗ ಉಳಿದಿತ್ತು. ಅವಳು ಬೆರಳುಗಳನ್ನು ಆಡಿಸಿ ನೋಡಿದಳು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಬೈಯಲಿಲ್ಲ. ತನ್ನ ಪಾದಗಳನ್ನೇ ನೋಡುತ್ತಾ ಕೂತಳು.

"ಆಟಗಾರ್ತಿಯಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ, ಪರದೆ ಮಾರ್ತೀನಿ."

ಅಷ್ಟರಲ್ಲಿ ಉಳಿದ ಪ್ರಯಾಣಿಕರನ್ನು ಒಳಗೆ ಬಿಟ್ಟರು. ಸಾಲಿನ ಮುಂಚೂಣಿಯಲ್ಲೇ ಚಿಕ್ಕ ಯಜಮಾನ. ಅವಳ ಕುರ್ಚಿಯ ಹತ್ತಿರ ನಿಂತು, ಬಗ್ಗಿ, ತಗ್ಗಿದ ದನಿಯಲ್ಲಿ, "ಅಕ್ಕ, ಒಂದು ಮಾತು. ನನಗೆ ಅಲ್ಲಿ ಇಳೀತಿದ್ದ ಹಾಗೆ ದೊಡ್ಡ ದೊಡ್ಡವರನ್ನ ಭೇಟಿ ಮಾಡೋದಿದೆ. ಸ್ವಲ್ಪ ಲ್ಯಾಪ್‌ಟಾಪ್ ತೆಗೆದು ಓದ್ಕೋಬೇಕು. ಹಿಂದೆ ನಡುವಿನ ಸೀಟಲ್ಲಿ ಕೈ ಆಡಿಸೋಕೂ ಆಗಲ್ಲ. ನೀವು ನನ್ನ ಸೀಟಿಗೆ ಹೋಗಿಬಿಡಿ. ನಿಮ್ಮೆಜಮಾನ್ರ ಪಕ್ಕದಲ್ಲೇ ಇದೆ, ನಿಮಗೂ ಜೊತೆಯಾಗುತ್ತೆ" ಎಂದ.

"ಪರವಾ..."

ಮಾತು ಅರ್ಧ ಹೊರಬಂದಾಗಿತ್ತು. ಕೈ ಬೆಲ್ಟಿನ ಕೊಂಡಿಯ ಮೇಲಿತ್ತು. ಅವಳ ಮೈಯೇ ಹಾಗೆ, ಯಾರು ಜಾಗ ಕೇಳಿದರೂ ಮನಸ್ಸನ್ನು ಕೇಳದೆ ಎದ್ದುನಿಲ್ಲುವ ಮೈ. ಆದರೆ ಏಳಬೇಕಾದರೆ ಕಾಲು ಮಡಚಬೇಕಲ್ಲ! ಮುಂದೆ ನೋಡಿದಳು. ಅವೆರಡೂ ಹಾಯಾಗಿ, ಉದ್ದಕ್ಕೆ, ತಮ್ಮ ಮನೆಯಲ್ಲೇ ಇರುವವರ ಹಾಗೆ ಬಿದ್ದುಕೊಂಡಿದ್ದವು. ಅವುಗಳನ್ನು ಎಬ್ಬಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಕೊಂಡಿಯಿಂದ ಕೈ ತೆಗೆದಳು.

"ಇಲ್ಲ ಚಿಕ್ಕ ಯಜಮಾನ್ರೇ. ಇದು ನನಗೆ ಕೊಟ್ಟಿರೋ ಸೀಟು. ನಾನು ಇಲ್ಲೇ ಕೂರ್ತೀನಿ."

ಅವನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂಬಂತೆ ನಿಂತ. "ಅಕ್ಕ, ಒಂದೆರಡು ಗಂಟೆ ತಾನೇ?"

"ಅದೇ ಮತ್ತೆ, ಒಂದೆರಡು ಗಂಟೆ ತಾನೇ? ನೀವೂ ಹೇಗೋ ಕೂತ್ಕೋತೀರಿ ಬಿಡಿ. ನಾನು ಹುಟ್ಟಿದಾಗಿಂದ ಕೂತಿದೀನಿ."

ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಸಾಲಿನ ಹಿಂದಿನಿಂದ ಯಾರೋ "ಮುಂದೆ ಹೋಗಿ ಸ್ವಾಮಿ!" ಎಂದರು. ಚಿಕ್ಕ ಯಜಮಾನ ಕೆಂಪಗಾಗಿ ಮುಂದೆ ಸರಿದ. ಅವನ ಹಿಂದೆ, ಯಾರದೋ ಮೊಣಕೈಯ ಕೆಳಗಿನಿಂದ ಅವಳ ಗಂಡನ ತಲೆ ಹೊರಬಂತು. ಎಲ್ಲ ಕೇಳಿಸಿಕೊಂಡಿದ್ದ. ದಾಟಿ ಹೋಗುವಾಗ ಅವಳ ಭುಜವನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೋದ.

ಏಣಿಯಕ್ಕನಿಗೆ ಈಗ ಯೋಚನೆ ಹತ್ತಿತು. ಉಪ್ಪು ತಿಂದ ಮನೆಯ ಮಗನಿಗೇ ಇಲ್ಲ ಅಂದುಬಿಟ್ಟೆನಲ್ಲ! ನಾಳೆ ಕೆಲಸ ಇರುತ್ತದೋ ಇಲ್ಲವೋ. ಆದರೆ ವಿಮಾನ ಓಡಿ, ಮೂಗೆತ್ತಿ, ನೆಲ ಬಿಟ್ಟಿತು ನೋಡಿ, ಬೆನ್ನು ಕುರ್ಚಿಗೆ ಒತ್ತಿ, ಕಾಲು ತಾವಾಗಿ ಮುಂದಕ್ಕೆ ತೇಲಿದ ಹಾಗಾಗಿ, ಅವಳಿಗೆ ಭಯದ ಬದಲು ನಗು ಬಂತು. ಬಾಯಿ ಮುಚ್ಚಿಕೊಂಡು ನಕ್ಕಳು. ಈ ಸಲ ಅವಳನ್ನು ನೋಡಿ ಮೊದಲು ನಕ್ಕವರು ಯಾರೂ ಇರಲಿಲ್ಲ.

ಪಿಂಗಾಣಿ ತಟ್ಟೆಯಲ್ಲಿ ಊಟ ಬಂತು. ಉಂಡಳು. ಕುರ್ಚಿಯ ತೋಳಿನಲ್ಲಿದ್ದ ಗುಂಡಿಯನ್ನು ಡಾಕ್ಟರಮ್ಮ ತೋರಿಸಿಕೊಟ್ಟರು. ಒತ್ತಿದರೆ ಬೆನ್ನು ಹಿಂದಕ್ಕೆ ಹೋಯಿತು, ಮೀನಖಂಡದ ಕೆಳಗೆ ಒಂದು ಮೆತ್ತೆ ಮೇಲೆದ್ದು ಬಂತು. ಅವಳು ಗಗನಸಖಿ ಕೊಟ್ಟ ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡಳು. ಕೆಳಗೆ ಪಾದ ಹೊರಗುಳಿಯಿತು. ಉಳಿಯಲಿ ಬಿಡು, ಎಂದುಕೊಂಡಳು.

ಆಮೇಲೆ ಏನಾಯಿತೆಂದು ಅವಳಿಗೆ ಗೊತ್ತಿಲ್ಲ. ಗಗನಸಖಿ ಭುಜ ಮುಟ್ಟಿ, "ಇಳೀತಾ ಇದೀವಿ, ಸೀಟು ನೆಟ್ಟಗೆ ಮಾಡ್ಕೊಳ್ಳಿ" ಎಂದಾಗಲೇ ಎಚ್ಚರ. ಯಾವ ವಾಹನದಲ್ಲೂ ಅದುವರೆಗೆ ರೆಪ್ಪೆ ಮುಚ್ಚದ ಹೆಂಗಸು ಗೊರಕೆ ಹೊಡೆದು ಮಲಗಿದ್ದಳು. ಕಿಟಕಿಯ ಆಚೆ ಮೋಡವಿತ್ತೋ ಬಿಸಿಲಿತ್ತೋ, ಕೇಳಬೇಡಿ.

ಸಮಾವೇಶದ ಸಭಾಂಗಣ ಕಿಕ್ಕಿರಿದಿತ್ತು. ಗಿರಣಿಯ ಮೇಡಂ ಅವಳನ್ನು ವೇದಿಕೆಗೆ ಕರೆದು ಹೊಸ ಬಟ್ಟೆಯ ಥಾನೊಂದನ್ನು ಕೈಗಿಟ್ಟರು. ಎದುರಿಗೆ ಸಾಲು ಸಾಲು ಅಂಗಡಿಯವರು. ಒಂದು ಕಡೆಯಿಂದ "ಅಬ್ಬಾ, ಏನು ಉದ್ದ!" ಎಂಬ ಪಿಸುಮಾತು ಕೇಳಿಸಿತು. ಇನ್ನೊಂದು ದಿನವಾಗಿದ್ದರೆ ಆ ಮಾತಿಗೆ ಅವಳ ಭುಜ ಒಳಗೆ ಸೇರಿಬಿಡುತ್ತಿತ್ತು. ಆದರೆ ಒಮ್ಮೆ ನೆಟ್ಟಗಾದ ಮೈಗೆ ಏನಾಗಿತ್ತೋ, ಮತ್ತೆ ಮಡಚಿಕೊಳ್ಳಲು ಒಪ್ಪಲಿಲ್ಲ. ಅವಳು ಬೆನ್ನು ಸೆಟೆದು, ಕತ್ತೆತ್ತಿ, ಇರುವಷ್ಟೂ ಎತ್ತರಕ್ಕೆ ನಿಂತಳು. ಕೈಗಳನ್ನು ಮೇಲಕ್ಕೆತ್ತಿ ಬಟ್ಟೆಯನ್ನು ಬಿಟ್ಟಳು.

ಅದು ಸರ್ರನೆ ಇಳಿಯಿತು. ಅಂಗಡಿಯಲ್ಲಿ ಇಳಿಯುತ್ತಿದ್ದುದಕ್ಕಿಂತ ಒಂದು ಗೇಣು ಎತ್ತರದಿಂದ, ಎಲ್ಲೂ ಸೊಟ್ಟಗಾಗದೆ, ನೆಲ ಮುಟ್ಟಿ ಅಲುಗಾಡದೆ ನಿಂತಿತು. ಆಮೇಲೆ ಬಿದ್ದ ಚಪ್ಪಾಳೆ ಬಟ್ಟೆಯ ಹಿಂದಿದ್ದ ಅವಳಿಗೆ ಜೋರು ಮಳೆಯ ಹಾಗೆ ಕೇಳಿಸಿತು. ಅವಳು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ತಾನೇ ಮುಂದೆ ಬಂದು ನಿಂತಳು. ಎರಡನೆಯ ಸಾಲಿನಲ್ಲಿ ಗಂಡ ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಅವನ ಪಕ್ಕದಲ್ಲಿ ಚಿಕ್ಕ ಯಜಮಾನ ಆಚೀಚಿನವರಿಗೆಲ್ಲ "ನಮ್ಮವರು, ನಮ್ಮ ಅಂಗಡಿಯವರು" ಎಂದು ಹೇಳುತ್ತಿದ್ದ.

ಸಂಜೆ ಅವನೇ ಹತ್ತಿರ ಬಂದ. ಕೈಯಲ್ಲಿ ಎರಡು ಲೋಟ ಚಹಾ. ಒಂದನ್ನು ಅವಳಿಗೆ ಕೊಟ್ಟು, ನೆಲ ನೋಡುತ್ತಾ, "ಅಕ್ಕ, ವಿಮಾನದಲ್ಲಿ ನಾನು ಹಾಗೆ ಕೇಳಬಾರದಿತ್ತು" ಎಂದ.

"ಹೌದು, ಕೇಳಬಾರದಿತ್ತು" ಎಂದಳು ಏಣಿಯಕ್ಕ.

ಅವನು ತಲೆಯೆತ್ತಿ ನೋಡಿದ. ಅವಳು ನಗುತ್ತಿದ್ದಳು. ಅವನಿಗೂ ನಗದೆ ಬೇರೆ ದಾರಿ ಉಳಿಯಲಿಲ್ಲ.

ವಾಪಸು ಬರುವಾಗ, ವಿಮಾನದ ಬಾಗಿಲು ಹಾಕುವ ಮೊದಲು, ಅವಳು ಗಂಡನನ್ನು ಬಲವಂತದಿಂದ ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಒಂದ್ಸಲ ನೋಡಿ ರೀ, ಹೇಗಿರುತ್ತೆ ಅಂತ." ಅವನು ಕೂತ. ಪಾದಗಳು ನೆಲ ಸಿಗದೆ ಗಾಳಿಯಲ್ಲಿ ತೂಗಾಡಿದವು. ತೊಟ್ಟಿಲಿಂದ ಇಳಿಯುವ ಮಗುವಿನ ಹಾಗೆ ಜಾರಿ ಇಳಿದು, "ನನಗೆ ಇದು ಬೇಡಮ್ಮ, ಕಳೆದುಹೋಗ್ತೀನಿ" ಎಂದು ಪರದೆಯ ಹಿಂದಕ್ಕೆ ಹೊರಟುಹೋದ. ಚಿಕ್ಕ ಯಜಮಾನ ಅವಳಿಗೆ ಒಂದು ನಮಸ್ಕಾರ ಹಾಕಿ, ಏನೂ ಕೇಳದೆ, ತನ್ನ ನಡುವಿನ ಸೀಟಿಗೆ ಹೋದ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನೇನು ನೋಡ್ದೆ ಮೇಲಿಂದ? ಹೇಳು, ಹೇಳು."

"ಏನೂ ನೋಡ್ಲಿಲ್ಲ ಅತ್ತೆ. ಕಾಲು ಚಾಚಿ ಮಲಗಿಬಿಟ್ಟೆ."

"ಅಯ್ಯೋ ನಿನ್ನ! ಅಷ್ಟು ಮೇಲಕ್ಕೆ ಹೋಗಿ ನಿದ್ದೆ ಮಾಡಿ ಬಂದ್ಯಾ?" ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಆದರೆ ಅದೇ ಸಂಜೆ ಬೀದಿಯ ನಲ್ಲಿಯ ಹತ್ತಿರ, "ನನ್ನ ಸೊಸೆ ಆಕಾಶದಲ್ಲಿ ಕಾಲು ಚಾಚಿ ಮಲಗಿ ಬಂದ್ಳು, ನಿಮ್ಮನೇಲಿ ಯಾರಾದ್ರೂ ಮಲಗಿದಾರಾ?" ಎಂದು ಅವಳು ನೆರೆಹೊರೆಯವರನ್ನು ಕೇಳುತ್ತಿದ್ದುದು ಮನೆಯೊಳಗೂ ಕೇಳಿಸಿತು.

ದೊಡ್ಡ ಯಜಮಾನರು ಅಂಗಡಿಯ ಮಹಡಿಯನ್ನು ಖಾಲಿ ಮಾಡಿಸಿ, ಪರದೆಯ ವಿಭಾಗವನ್ನೇ ಅಲ್ಲಿಗೆ ಎತ್ತಿಸಿ, ಏಣಿಯಕ್ಕನ ವಶಕ್ಕೆ ಕೊಟ್ಟರು. ಅವಳು ಮೊದಲು ಮಾಡಿಸಿದ ಕೆಲಸ ಮಹಡಿಯ ಬಾಗಿಲ ಚೌಕಟ್ಟನ್ನು ಎತ್ತರಿಸಿದ್ದು. ಬಡಗಿ ಅಳತೆಪಟ್ಟಿ ಹಿಡಿದು "ಎಷ್ಟಿರಲಿ?" ಎಂದು ಕೇಳಿದಾಗ ಅವಳು ಬಾಗಿಲಲ್ಲಿ ನೆಟ್ಟಗೆ ನಿಂತು, ತಲೆಯ ಮೇಲೆ ಅಂಗೈ ಅಡ್ಡ ಹಿಡಿದು, "ಇದಕ್ಕಿಂತ ಒಂದು ಗೇಣು ಮೇಲೆ" ಎಂದಳು.

ಮರುವರ್ಷ ಗಿರಣಿಯಿಂದ ಮತ್ತೆ ಫೋನು ಬಂತು. ಈ ಸಲ ಬೇರೆ ಬೇರೆ ಊರಿನ ಅಂಗಡಿಗಳ ಹುಡುಗಿಯರಿಗೆ ಏಣಿಯಕ್ಕ ಬಂದು ಕಲಿಸಬೇಕಂತೆ. ಫೋನು ಎತ್ತಿದವನು ಚಿಕ್ಕ ಯಜಮಾನ. ರಿಸೀವರಿಗೆ ಅಂಗೈ ಮುಚ್ಚಿ ಮಹಡಿಯ ಕಡೆ ಕೂಗಿದ, "ಅಕ್ಕಾ, ಬರ್ತೀರಾ ಅಂತ ಕೇಳ್ತಿದಾರೆ. ಏನು ಹೇಳಲಿ?"

ಏಣಿಯಕ್ಕ ಆಗ ಗಿರಾಕಿಯೊಬ್ಬರಿಗೆ ಪರದೆ ಎತ್ತಿ ಹಿಡಿದಿದ್ದಳು. ಕೈ ಇಳಿಸಲಿಲ್ಲ. ಬಟ್ಟೆಯ ಹಿಂದಿನಿಂದಲೇ ಉತ್ತರ ಬಂತು.

"ಬರ್ತಾರೆ ಅಂತ ಹೇಳಿ ಚಿಕ್ಕ ಯಜಮಾನ್ರೇ. ಸೀಟು ಮಾತ್ರ ಮೊದಲನೇ ಸಾಲಲ್ಲೇ ಇರಬೇಕು ಅನ್ನಿ!"